ಲಿನಕ್ಸ್ ಹ್ಯಾಂಗೇ ಆಗಲ್ಲ ಅಂದಿದ್ರಲ್ಲ?

ಈ ಪ್ರಶ್ನೆ ಬರೋದು ಮದುವೆಮನೆಯಲ್ಲಿ, ಎಲೆ ಮುಂದೆ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ. "ಲಿನಕ್ಸ್ ಹ್ಯಾಂಗೇ ಆಗಲ್ಲ ಅಂದಿದ್ರಿ, ನಮ್ಮನೇದು ಯಾಕೆ ಇದ್ದಕ್ಕಿದ್ದಂತೆ ನಿಂತುಹೋಗುತ್ತೆ?"

ಹಾಗಂತ ನಾನು ಯಾವತ್ತೂ ಅಂದಿಲ್ಲ. ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳೋ ಈ ಲಿನಕ್ಸ್‌ನಲ್ಲಿ ವೈರಸ್ ಕಾಟ ಕಡಿಮೆ ಅಂದಿದ್ದೆ, ಅಷ್ಟೇ.

ಅದಿರಲಿ, "ನಿಂತುಹೋಗುತ್ತೆ" ಅಂದರೇನು? ಪರದೆ ಅಲುಗದೆ ಮೌಸ್ ಮಾತ್ರ ಓಡಾಡ್ತಿದೆಯಾ? ಅದೂ ಸತ್ತಿದೆಯಾ? ಕ್ಯಾಪ್ಸ್ ಲಾಕ್ ದೀಪ ಮಿಣಮಿಣ ಅಂತಿದೆಯಾ? ಹಾಗಿದ್ದರೆ ಲಿನಕ್ಸ್‌ನ ಹೃದಯವಾದ ಕರ್ನಲ್ಲೇ ಕೈಚೆಲ್ಲಿರಬಹುದು. ಇಲ್ಲಾ ಫ್ಯಾನೂ ಸೇರಿ ಎಲ್ಲ ಒಟ್ಟಿಗೆ ಆರಿಹೋಯ್ತಾ? "ಅದೆಲ್ಲ ನೋಡ್ಲಿಲ್ಲ, ಬಟನ್ ಒತ್ತಿ ಆಫ್ ಮಾಡ್ದೆ." ಆಯ್ತು, ಹೋಳಿಗೆ ತಿನ್ನಿ.

ಯಾರಾದರೂ ಒಬ್ಬರು "ಸಾಯೋ ಮುಂಚೆ ಅದು ಏನಾದ್ರೂ ಬರೆದಿಟ್ಟಿದೆಯಾ?" ಅಂತ ಕೇಳಿದ್ದರೆ ಅವರ ಮನೆಗೇ ಹೋಗಿ ರಿಪೇರಿ ಮಾಡಿಕೊಡ್ತಿದ್ದೆ. ಬರೆದಿಟ್ಟಿರುತ್ತೆ ಸ್ವಾಮಿ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡೋ ಕಿಟಕಿಯಲ್ಲಿ, ಜರ್ನಲ್‌ಸಿಟಿಎಲ್, ಮೈನಸ್ ಬಿ, ಮೈನಸ್ 1 (journalctl -b -1) ಅಂತ ಕೊಟ್ಟರೆ ಹಿಂದಿನ ಸಲ ಆನ್ ಮಾಡಿದ್ದಾಗಿನ ಲಾಗ್, ಅಂದರೆ ಅದು ಬರೆದಿಟ್ಟ ದಿನಚರಿ, ಪೂರ್ತಿ ಬರುತ್ತೆ. ಮೆಮೊರಿ ಸಾಲದೆ ಕರ್ನಲ್ ಯಾವುದೋ ಪ್ರೋಗ್ರಾಮನ್ನು ಕೊಂದಿದ್ದರೆ ಅದರ ಹೆಸರೂ ಅಲ್ಲಿರುತ್ತೆ. ಒಂದೇ ತೊಡಕು: ಸಾಮಾನ್ಯ ಸಂದೇಶಗಳನ್ನು ಅದು 5 ನಿಮಿಷಕ್ಕೊಮ್ಮೆಯಷ್ಟೇ ಡಿಸ್ಕಿಗೆ ಖಾತ್ರಿಯಾಗಿ ಇಳಿಸೋದು. ಕೊನೆಯ ಸಾಲುಗಳು ಕಾಣೆಯಾಗಿರಬಹುದು. ಅದಕ್ಕೇ, ಬಟನ್ ಒತ್ತುವ ಮುಂಚೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿ. ಕರ್ನಲ್‌ಗೆ ಇನ್ನೂ ಜೀವವಿದ್ದರೆ ಬರೆಯೋದನ್ನ ಬರೆದು ಮುಗಿಸಿ ರೀಬೂಟ್ ಆಗುತ್ತೆ. ಉಬುಂಟು ಅನ್ನೋ ಲಿನಕ್ಸ್‌ನಲ್ಲಿ ಈ ಮೂರಕ್ಕೂ ಮೊದಲೇ ಅನುಮತಿ ಇದೆ.

ನಾನೇನು ಮಹಾ ಜಾಣನಲ್ಲ. ತಿಪಟೂರಿನ ಚಿಕ್ಕಪ್ಪನ ಕಂಪ್ಯೂಟರ್ ಬೆಳಗಾದರೆ ತಾನೇ ರೀಸ್ಟಾರ್ಟ್ ಆಗ್ತಿತ್ತು. ಲಾಗ್ ನೋಡಿದರೆ ತಪ್ಪು ಅಂತ ಒಂದಕ್ಷರವಿಲ್ಲ, ನಡುವೆ ಕತ್ತರಿಸಿದ ಹಾಗೆ ನಿಂತಿತ್ತು. ಬೆಂಗಳೂರಲ್ಲಿ ಕೂತೇ ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಹಳೇ ಕರ್ನಲ್ ಹಾಕಿದೆ, ಅವರ ಕೈಲೇ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ ಓಡಿಸಿದೆ. ರ‍್ಯಾಮ್ ಗಟ್ಟಿಮುಟ್ಟಾಗಿತ್ತು. ಕೊನೆಗೆ ಊರಿಗೇ ಹೋದೆ. ಬೆಳಗ್ಗೆ ಚಿಕ್ಕಮ್ಮ ಹಿತ್ತಲಲ್ಲಿ ಬೋರ್‌ವೆಲ್ ಮೋಟರ್ ಹಾಕಿದರು. ಟ್ಯೂಬ್‌ಲೈಟ್ ಒಂದು ಕ್ಷಣ ಮಂಕಾಯಿತು, ಕಂಪ್ಯೂಟರ್ ರೀಸ್ಟಾರ್ಟ್ ಆಯಿತು.

"ಯುಪಿಎಸ್ ಇದೆಯಲ್ಲ ಚಿಕ್ಕಪ್ಪ?"

"ಇದೆ ಕಣೋ. ಬ್ಯಾಟರಿ ಹೋಗಿ ಎರಡು ವರ್ಷ ಆಯ್ತು. ಲೈಟೇನೋ ಉರೀತದೆ."

ಬ್ಯಾಟರಿ ಹಾಕಿಸಿದ ಮೇಲೆ ತೊಂದರೆಯಿಲ್ಲ. ಈಗ ಅವರು ಊರಲ್ಲೆಲ್ಲ ಹೇಳಿಕೊಂಡು ಬರ್ತಿರೋದು ಮಾತ್ರ ಹೀಗೆ: "ಆ ಲಿನಕ್ಸ್‌ಗೆ ಕರೆಂಟ್ ಜಾಸ್ತಿ ಬೇಕು."