ಪೊರೆ ಪ್ರಾಜೆಕ್ಟ್, ಮೂರನೇ ವಾರ: ತಣ್ಣೀರಲ್ಲಿ ತೊಳೀಬೇಕಿತ್ತು

ಪಿನಿಪಾಮ್ ಅನ್ನೋ ಪಾಲಿಮರ್ (ಉದ್ದ ಸರಪಳಿಯಂಥ ಅಣು) ತಣ್ಣೀರಲ್ಲಿ ನೀರು ಕುಡಿದು ಉಬ್ಬುತ್ತದೆ. ಸುಮಾರು 32 ಡಿಗ್ರಿ ದಾಟಿದರೆ ನೀರು ಬಿಟ್ಟು ಮುದುರಿಕೊಳ್ಳುತ್ತದೆ. ಅದನ್ನು ಪೊರೆಯ, ಅಂದರೆ ಸೋಸುವ ತೆಳು ಹಾಳೆಯ, ತೂತುಗಳ ಒಳಗೋಡೆಗೆ ಬೆಳೆಸಿದರೆ ತಂಪಿನಲ್ಲಿ ತೂತು ಕಿರಿದಾಗುತ್ತದೆ, ಬಿಸಿಗೆ ಅಗಲವಾಗುತ್ತದೆ. ನನ್ನದು 0.4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೂತಿನ ಪಿಇಟಿ ಪೊರೆ, ನೀರಿನ ಬಾಟಲಿಯ ಪ್ಲಾಸ್ಟಿಕ್. ಯುವಿ ಬೆಳಕು ಬಿದ್ದಾಗ ಪಾಲಿಮರ್ ಬೆಳೆಯಲು ಶುರುಮಾಡಿಸುವ ಬೆಂಝೋಫಿನೋನ್ ಹಚ್ಚಿ ಒಣಗಿಸಿ, ಮಾನೋಮರ್ (ಪಾಲಿಮರ್ ಸರಪಳಿಯ ಬಿಡಿ ಕೊಂಡಿ) ಕರಗಿಸಿದ ನೀರಲ್ಲಿ ಮುಳುಗಿಸಿ, ನೈಟ್ರೋಜನ್ ಬಿಟ್ಟು ಈ ಕ್ರಿಯೆಗೆ ಅಡ್ಡಬರುವ ಆಮ್ಲಜನಕ ಓಡಿಸಿ, ಯುವಿ ದೀಪದ ಕೆಳಗೆ ಇಡುತ್ತೇನೆ.

ಮೊದಲೆರಡು ಪೊರೆಗಳ ತೂಕ ಚೆನ್ನಾಗಿ ಏರಿತ್ತು, ಪಾಲಿಮರ್ ಅಂಟಿದೆ ಅಂದುಕೊಂಡೆ. ಕುಣಿದಾಡಿಬಿಟ್ಟೆ. ಮರುದಿನ ಐಸ್ ನೀರಲ್ಲಿಟ್ಟು ಒಣಗಿಸಿ ತೂಗಿದರೆ ಏರಿದ್ದರಲ್ಲಿ ಮುಕ್ಕಾಲು ಪಾಲು ಮಾಯ! ತೊಳೆದದ್ದು ಕಿಟಕಿ ಪಕ್ಕದ ಕ್ಯಾನಿನ ನೀರಲ್ಲಿ. ಥರ್ಮಾಮೀಟರ್ ಅದ್ದಿ ನೋಡಿದೆ, 37 ಡಿಗ್ರಿ. ಕಲಬುರಗಿಯ ಏಪ್ರಿಲ್ ಅಲ್ವಾ? ಗೋಡೆಗೆ ಅಂಟದೆ ಸುಮ್ನೆ ಕೂತಿದ್ದ ಪಾಲಿಮರ್ ಆ ನೀರಲ್ಲಿ ಕರಗುವುದೇ ಇಲ್ಲ. ಜಿಡ್ಡಿಗೆ ಬಿಸಿನೀರು ಅನ್ನೋ ಅಡುಗೆಮನೆ ಬುದ್ಧಿ ಇಲ್ಲಿ ಉಲ್ಟಾ. ಈಗ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಹಾಕುತ್ತೇನೆ.

ಮೂರನೇ ಪೊರೆಯಲ್ಲಿ ಪಾಲಿಮರ್ ಉಳಿಯಿತು. ಅರ್ಧ ಮೀಟರ್ ಎತ್ತರದಿಂದ ನೀರು ಬಿಟ್ಟು, 10 ಮಿಲಿ ಇಳಿಯುವ ಹೊತ್ತು ಅಳೆದೆ. 25 ಡಿಗ್ರಿಯಲ್ಲಿ 31 ನಿಮಿಷ (ಆ 25 ಡಿಗ್ರಿಗೂ ಐಸ್ ಹಾಕಬೇಕಾಯ್ತು). 40 ಡಿಗ್ರಿಯಲ್ಲಿ 4 ನಿಮಿಷ 10 ಸೆಕೆಂಡ್. ಏಳು ಪಟ್ಟಿಗಿಂತ ಜಾಸ್ತಿ! ಪ್ರಾಜೆಕ್ಟಿನ ಮೇಡಂಗೆ ತೋರಿಸಿದೆ. "ಬಿಸಿನೀರು ಹಾಗೇನೇ ಬೇಗ ಹರಿಯುತ್ತಲ್ಲಪ್ಪಾ, ಖಾಲಿ ಪೊರೆ ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ಪಾಲಿಮರ್ ಇಲ್ಲದ ಖಾಲಿ ಪೊರೆಯಲ್ಲಿ 25 ಡಿಗ್ರಿಗೆ 3 ನಿಮಿಷ 40 ಸೆಕೆಂಡ್ ಇದ್ದದ್ದು 40 ಡಿಗ್ರಿಗೆ 2 ನಿಮಿಷ 41 ಸೆಕೆಂಡಿಗೆ ಇಳಿಯಿತು. ನೀರು ತೆಳುವಾಗುವುದರಿಂದಲೇ 1.36 ಪಟ್ಟು. ಒಟ್ಟು ಪಟ್ಟನ್ನು ಅದರಿಂದ ಭಾಗಿಸಿದರೆ ಪಾಲಿಮರಿನ ಕೆಲಸ ಸುಮಾರು ಐದೂವರೆ ಪಟ್ಟು. ಹರಿವು ತೂತಿನ ಅಗಲದ ನಾಲ್ಕನೇ ಘಾತದಂತೆ ಬದಲಾಗುತ್ತದೆ. ಖಾಲಿ ಪೊರೆಗೆ ಹೋಲಿಸಿ ಆ ಲೆಕ್ಕ ಹಾಕಿದರೆ 0.4 ಮೈಕ್ರಾನ್ ತೂತು ತಂಪಿನಲ್ಲಿ 0.23, ಬಿಸಿಯಲ್ಲಿ 0.36. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ಅಂತರ!

ತಂಪಿನಲ್ಲಿ ಅಣುಗಳನ್ನು ತಡೆಯುತ್ತದಾ ಅಂತ ನಿನ್ನೆ ನೀರಿಗೆ ವಿಟಮಿನ್ ಬಿ12 ಹಾಕಿ ನೋಡಿದೆ. ತಂಪಿನಲ್ಲೂ ಗುಲಾಬಿ ನೀರು ಹಾಗೇ ಕೆಳಗಿಳಿಯಿತು, ನಿಧಾನವಾಗಿ ಅಷ್ಟೇ. ಆ ಅಣುವಿನ ಮುಂದೆ 0.23 ಮೈಕ್ರಾನ್ ಅಂದರೆ ಊರ ಹೆಬ್ಬಾಗಿಲು. ಸದ್ಯಕ್ಕೆ ನನ್ನದು ನಲ್ಲಿ, ಜರಡಿಯಲ್ಲ. 0.05 ಮೈಕ್ರಾನ್ ಪೊರೆಗೆ ಹೇಳಿದ್ದೇನೆ.