‘ಶರಣಾಗುತ್ತೇನೆ’ ಎಂದು ಬರೆದು ಸಿಕ್ಕಿಬಿದ್ದದ್ದು

ಜಪಾನಿ ಅನುವಾದ ನನ್ನ ಹೊಟ್ಟೆಪಾಡು. ಬರುವುದೆಲ್ಲ ಯಂತ್ರಗಳ ಕೈಪಿಡಿ, ತಪಾಸಣಾ ವರದಿ. ಒಮ್ಮೆ ಮಾತ್ರ ಸಂಗ್ರಾಹಕರೊಬ್ಬರಿಂದ ಬೇರೆಯದೇ ಕೆಲಸ ಬಂತು: ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಜಪಾನಿ ಸೈನಿಕರ ಮೇಲೆ ವಿಮಾನದಿಂದ ಉದುರಿಸಿದ ಕರಪತ್ರಗಳು, ಕನ್ನಡಕ್ಕೆ.

ನಾನು ಕಲಿತದ್ದು 1946ರ ಲಿಪಿ ಸುಧಾರಣೆಯ ನಂತರದ ಜಪಾನಿ. ಇವುಗಳಲ್ಲಿದ್ದದ್ದು ಹಳೆಯ ರೂಪದ ಕಾಂಜಿ (ಚೀನಾದಿಂದ ಬಂದ ಅಕ್ಷರಗಳು), ಹಳೆಯ ಕಾಗುಣಿತ. ಓದಿ ಮುಗಿಸುವಷ್ಟರಲ್ಲಿ ಬೆವರಿಳಿಯಿತು. ಕಷ್ಟವೆಲ್ಲ ಅಕ್ಷರಗಳಲ್ಲೇ ಮುಗಿಯಿತೆಂದು ನಂಬಿಬಿಟ್ಟೆ.

ಫಿಲಿಪ್ಪೀನ್ಸ್‌ನಲ್ಲಿ ಬಳಸಿದ ಒಂದು ಕರಪತ್ರ ರಹದಾರಿಯಂಥದ್ದು. ಸೈನಿಕ ಅದನ್ನು ಹಿಡಿದು ಬಂದರೆ ಕೊಲ್ಲದೆ ಅಧಿಕಾರಿಯ ಬಳಿ ಕರೆದೊಯ್ಯಬೇಕೆಂದು ಅಮೆರಿಕನ್ ಸೈನಿಕರಿಗೂ ಇಂಗ್ಲಿಷಿನಲ್ಲಿ ಸೂಚನೆಯಿತ್ತು. ದಪ್ಪಕ್ಷರದಲ್ಲಿ ‘ನಾನು ಪ್ರತಿರೋಧ ನಿಲ್ಲಿಸುತ್ತೇನೆ’ ಎಂದಿತ್ತು. ಕನ್ನಡದಲ್ಲಿ ಇದು ತೊಡಕೆನಿಸಿ ‘ಶರಣಾಗುತ್ತೇನೆ’ ಎಂದು ನುಣುಪಾಗಿಸಿದೆ.

ಕರಡು ನೋಡುವ ಹಿರಿಯರು ಫೋನ್ ಮಾಡಿದರು. “ಶರಣಾಗತಿ ಎಲ್ಲಿದೆ, ತೋರಿಸಿ.”

ಎಲ್ಲೂ ಇರಲಿಲ್ಲ. ಬೇಕೆಂದೇ ಬಿಟ್ಟದ್ದು. 1941ರ ಜನವರಿಯಲ್ಲಿ ಜಪಾನಿ ಸೇನೆ ಹೊರಡಿಸಿದ ‘ಸೆಂಜಿನ್‌ಕುನ್’ ಎಂಬ ನಡತೆಯ ಸಂಹಿತೆ, ಜೀವಂತ ಸೆರೆಸಿಕ್ಕುವ ಅವಮಾನಕ್ಕೆ ಗುರಿಯಾಗಬೇಡ ಎಂದು ವಿಧಿಸಿತ್ತು. ಅದನ್ನೇ ಉಸಿರಾಡಿದವನ ಕೈಗೆ ‘ನಾನು ಶರಣಾಗುತ್ತೇನೆ’ ಎಂಬ ಚೀಟಿ ಕೊಟ್ಟರೆ ಹಿಡಿದಾನೆಯೇ? ಅಮೆರಿಕನ್ನರು ಮೊದಲು ಹಾಗೆಯೇ ಮುದ್ರಿಸಿ, ಪೆಟ್ಟು ತಿಂದು, ಪದ ಬದಲಿಸಿದ್ದರು. ಬರಹ ತಿದ್ದಲು ಜಪಾನಿ ಯುದ್ಧಕೈದಿಗಳ ಸಲಹೆಯನ್ನೂ ಪಡೆಯುತ್ತಿದ್ದರು. ಅಷ್ಟು ಜನ ಅಷ್ಟು ಪಾಡುಪಟ್ಟು ಕಿತ್ತ ಪದವನ್ನು ನಾನು ಅರ್ಧ ನಿಮಿಷದಲ್ಲಿ ಮತ್ತೆ ನೆಟ್ಟಿದ್ದೆ.

ಇನ್ನೂ ಒಂದು ಎಡವಟ್ಟಿತ್ತು. ‘ಶರಣು’ ಎಂದರೆ ನಮಗೆ ನಮಸ್ಕಾರವೂ ಹೌದು. ಶರಣರ ನಾಡಿನ ಓದುಗನಿಗೆ ಅದರಲ್ಲಿ ಅಂಥ ಅವಮಾನವೇನು ಕಂಡೀತು? ‘ಪ್ರತಿರೋಧ ನಿಲ್ಲಿಸುತ್ತೇನೆ’ ಎಂದೇ ತಿದ್ದಿದೆ. ತೊಡಕು ಹಾಗೆಯೇ ಉಳಿಯಿತು.

ಆಮೇಲೆ ಇಡೀ ಕಟ್ಟನ್ನು ಮತ್ತೆ ಬಿಚ್ಚಿದೆ. ಎಲೆಯ ಆಕಾರಕ್ಕೆ ಕತ್ತರಿಸಿದ ಕರಪತ್ರವೊಂದಿತ್ತು. ‘ಮರದ ಎಲೆ ಉದುರಿತು’ ಎಂದು ಬರೆದು ದಾಟಿದ್ದೆ. ಅದು ‘ಕಿರಿ’ ಎಂಬ ಮರದ ಎಲೆ. ಒಂದೇ ಒಂದು ಕಿರಿ ಎಲೆ ಬಿದ್ದರೂ ಶರತ್ಕಾಲ ಬಂತೆಂದು ತಿಳಿ ಎಂಬುದು ಜಪಾನಿನ ಹಳೆಯ ಮಾತು. ಇಲ್ಲಿ ಆ ಎಲೆಯಂತೆ ಬೀಳಬೇಕಾದದ್ದು ಜಪಾನಿನ ಸೇನಾಡಳಿತ. ‘ಕಿರಿ’ ಎಂದೇ ಬರೆದರೆ ನಮ್ಮವರು ಚಿಕ್ಕ ಎಲೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಅಂಗೈ ಮೀರಿದ ಅಗಲದ್ದು. ಕೊನೆಗೆ ‘ಕಿರಿ ಮರದ ಎಲೆ’ ಎಂದು ಬರೆದು, ಮೂಲಕ್ಕಿಂತ ಉದ್ದದ ಅಡಿಟಿಪ್ಪಣಿ ಹಾಕಿದೆ. ಹಿರಿಯರು ಅದನ್ನು ಮುಟ್ಟಲಿಲ್ಲ.