ಈ ಸಲ ಡ್ರಾ ಬೇಡ, ಗೆಲುವು ಬೇಕು

2025-26ರ ಸೀಸನ್ ಶುರುವಾಗುವ ಮೊದಲೇ ನಾನೂ ಗೆಳೆಯನೂ ವಾದಕ್ಕೆ ಕೂತಿದ್ದೆವು. ಇಬ್ಬರೂ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಫುಟ್‌ಬಾಲ್ ತಂಡ ಆರ್ಸೆನಲ್ ಕಡೆಯವರೇ. "ಸತತ ಮೂರು ವರ್ಷ ಎರಡನೇ ಸ್ಥಾನ. ಇನ್ನೂ ಎಷ್ಟು ಕಾಯೋದು?" ಅಂತ ಅವನು. ಬೇಜಾರು ನನಗೂ ಇತ್ತು. 2004ರ ನಂತರ ಅಲ್ಲಿಯವರೆಗೆ ಲೀಗ್ ಗೆದ್ದೇ ಇರಲಿಲ್ಲ ಅಲ್ವಾ?

ಆದರೆ 2024-25ರ ಲೆಕ್ಕ ನೋಡಿ. ಸೋತಿದ್ದು ನಾಲ್ಕೇ ಪಂದ್ಯ, ಚಾಂಪಿಯನ್ ಲಿವರ್‌ಪೂಲ್‌ನಷ್ಟೇ. ಡ್ರಾ ಮಾತ್ರ 14! ಪಾಯಿಂಟ್ ಸೋರಿದ್ದು ಅಲ್ಲೇ. ಮುಂದೆ ನಿಂತು ಗೋಲು ಹೊಡೆಯುವ ಜೀಸಸ್, ಹಾವರ್ಟ್ಜ್ ಇಬ್ಬರಿಗೂ ಗಾಯವಾಗಿ ಮಿಡ್‌ಫೀಲ್ಡರ್ ಮೆರಿನೊ ಸ್ಟ್ರೈಕರ್ ಆಗಬೇಕಾಯಿತು. ಪಾಪ, ಚೆನ್ನಾಗಿಯೇ ಆಡಿದರು.

ಆಗಷ್ಟೇ ಪೋರ್ಚುಗಲ್‌ನಿಂದ ಸ್ಟ್ರೈಕರ್ ಯೋಕೆರೆಸ್ ಬಂದಿದ್ದರು. "ಪೋರ್ಚುಗಲ್ ಲೀಗೇ ಬೇರೆ, ಇದೇ ಬೇರೆ" ಅಂದ ಗೆಳೆಯ. ಇರಬಹುದು. ಡಿಫೆನ್ಸ್‌ನಲ್ಲಿ ಸಲಿಬಾ, ಗೇಬ್ರಿಯೆಲ್ ಇದ್ದರು. ಐದಾರು ಡ್ರಾ ಗೆಲುವಾದರೆ ಸಾಕಿತ್ತು. ಮೊದಲ ಪಂದ್ಯ ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿತ್ತು. ಅವನು ಡ್ರಾ ಅನ್ನುತ್ತಿದ್ದ, ನಾನು ಗೆಲುವು.